ಪಾಕಶಾಲೆಯ ಗೋಡೆಯೂ ಪ್ರಸಾದತತ್ತ್ವವೂ

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಇಷ್ಟನ್ನು ನಮ್ಮ ಮನೆಗಳ ಬಾಲಕರೂ ಬಾಯಿಪಾಠವಾಗಿ ಹೇಳಬಲ್ಲರು. ಆದರೆ ಪ್ರಸಾದವೆನಿಸುವುದಕ್ಕೆ ಮೊದಲು ಅದು ಪದಾರ್ಥವಾಗಿತ್ತೆಂಬುದೂ, ಆ ಪದಾರ್ಥವು ಪಕ್ವವಾಗುವುದಕ್ಕೆ ಮನೆಯಲ್ಲಿ ಒಂದು ಸ್ಥಳವಿದೆಯೆಂಬುದೂ, ಆ ಸ್ಥಳದಲ್ಲಿ ದಿನದ ಬಹುಭಾಗವನ್ನು ಕಳೆಯುವ ಒಂದು ಜೀವವಿದೆಯೆಂಬುದೂ ನಮ್ಮ ಉಪನ್ಯಾಸಗಳಲ್ಲಿ ಬರುವುದು ಅಪೂರ್ವ. ಆದುದರಿಂದ ಅಡಿಗೆಮನೆಯ ಗೋಡೆಯನ್ನು ಕುರಿತು ಈ ಪತ್ರಿಕೆಯಲ್ಲಿ ಬರೆಯಹೊರಟರೆ ಕೆಲವರಿಗೆ ಅದು ಲಘುವಾದ ವಿಷಯವೆಂದು ತೋರಬಹುದು. ಹಾಗೆ ತೋರುವವರು ತಮ್ಮ ಮನೆಯ ಹೆಂಗಸರನ್ನು ಒಮ್ಮೆ ಕೇಳಿ ನೋಡುವುದು ಒಳ್ಳೆಯದು.

ಹೊಳೆಹೊನ್ನೂರು ಭದ್ರಾನದಿಯ ದಡದ ಊರು. ತುಂಗೆಯೂ ಭದ್ರೆಯೂ ಕೂಡುವ ಕೂಡಲಿಯು ಇಲ್ಲಿಗೆ ಸಮೀಪ. ಲಕ್ಕವಳ್ಳಿಯ ಭದ್ರಾ ಜಲಾಶಯವು 1965ರಲ್ಲಿ ಪೂರ್ಣವಾದ ಮೇಲೆ ಕಾಲುವೆಯ ನೀರಿನಿಂದ ಈ ಸೀಮೆಯ ಬದುಕು ಬೇರೆಯಾಯಿತು. ಬತ್ತದ ಗದ್ದೆಯ ಜತೆಗೆ ಅಡಿಕೆಯ ತೋಟಗಳೂ ಎದ್ದವು. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ಒಕ್ಕಲಿಗನು ಮೊದಲು ಮನೆಯ ಮುಂಭಾಗವನ್ನು ಸರಿಪಡಿಸಿದನು, ಬಳಿಕ ಮಹಡಿ ಕಟ್ಟಿಸಿದನು. ಅಡಿಗೆಮನೆಯ ಸರದಿ ಬಂದಿರುವುದು ಈಚೆಗೆ ಮಾತ್ರ. ನಡುಮನೆಗೂ ಅಡಿಗೆಮನೆಗೂ ನಡುವಣ ಗೋಡೆಯನ್ನು ಒಡೆದು, ಎರಡನ್ನೂ ಒಂದೇ ವಿಶಾಲವಾದ ಅಂಗಳದಂತೆ ಮಾಡಿ, ದೊಡ್ಡ ಕಿಟಕಿಗಳನ್ನಿಟ್ಟು, ಗ್ರಾನೈಟಿನ ಕಟ್ಟೆಯನ್ನು ಕೂರಿಸುವುದು ಈಗಿನ ಪದ್ಧತಿ. ಮಗನೂ ಸೊಸೆಯೂ ಬೇಕೆನ್ನುವರು. ಅತ್ತೆಯೋ ಮಾವನೋ ಬೇಡವೆನ್ನುವರು. “ಲಿಂಗಕ್ಕೆ ಅರ್ಪಿಸುವ ಪದಾರ್ಥದ ಮೇಲೆ ಬಂದಹೋದವರ ದೃಷ್ಟಿ ಬೀಳುವುದು ಸರಿಯೆ?” ಎಂದು ಹಿರಿಯರು ಕೇಳುವರು. ಶಾಲೆಯ ಮೇಷ್ಟರೆಂಬ ಕಾರಣದಿಂದ ಈ ವ್ಯಾಜ್ಯವು ನನ್ನವರೆಗೂ ಅನೇಕ ಸಲ ಬಂದಿದೆ. ಮೇಸ್ತ್ರಿಯು ಬಿಡಿಸಲಾರದ ಪ್ರಶ್ನೆಯಿದು, ಶಾಸ್ತ್ರವನ್ನು ಕಂಠಪಾಠ ಮಾಡಿದವನಿಗೂ ಸುಲಭವಲ್ಲ.

ಹಿರಿಯರ ಮಾತನ್ನು ಹಳೆಯ ಗೊಡ್ಡು ಸಂಪ್ರದಾಯವೆಂದು ತಳ್ಳಿಬಿಡುವುದು ನ್ಯಾಯವಲ್ಲ. ಭವಿಯ ದೃಷ್ಟಿ ಬಿದ್ದುದನ್ನು ಲಿಂಗಕ್ಕೆ ಅರ್ಪಿಸಕೂಡದೆಂಬ ನೇಮವು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಊಟಕ್ಕೆ ಕೂರುವಾಗ ಬಾಗಿಲಿಗೆ ತೆರೆಯನ್ನು ಇಳಿಬಿಡುತ್ತಿದ್ದ ಮನೆಗಳನ್ನು ಕಂಡವರು ಇನ್ನೂ ಇದ್ದಾರೆ. ವಚನಗಳಲ್ಲಿಯೂ ಭವಿಸಂಗವನ್ನು ಕಟುವಾಗಿ ನಿಷೇಧಿಸುವ ಮಾತುಗಳುಂಟು, ಇಲ್ಲವೆನ್ನುವುದು ಪ್ರಾಮಾಣಿಕತೆಯಲ್ಲ. ಆದರೆ ಭವಿಯೆಂದರೆ ಯಾರು? ಜಾತಿಯಿಂದ ಹೊರಗಿನವನೆಂದು ಶರಣರು ಎಲ್ಲಿಯೂ ಅರ್ಥ ಹೇಳಲಿಲ್ಲ. ಭಕ್ತಿಯಿಲ್ಲದವನು, ಭವದ ಕಡೆಗೇ ಮುಖ ಮಾಡಿದವನು ಭವಿ. ಅಂತಹವನು ಗೋಡೆಯ ಆಚೆಗೆ ಮಾತ್ರ ಇರುತ್ತಾನೆಂದು ಭಾವಿಸುವುದು ನಮ್ಮನ್ನು ನಾವೇ ಅತಿಯಾಗಿ ನಂಬಿಕೊಂಡಂತೆ. ಜನನಸೂತಕ, ಪ್ರೇತಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಜಾತಿಸೂತಕ ಎಂಬ ಐದು ಸೂತಕಗಳೂ ಲಿಂಗಧಾರಿಗಿಲ್ಲವೆಂಬುದು ನಮ್ಮ ಧರ್ಮದ ಘೋಷಣೆ. ಅಡಿಗೆಮನೆಯನ್ನು ಕತ್ತಲೆಯ ಗವಿಯಾಗಿ ಉಳಿಸಿಕೊಳ್ಳುವುದಕ್ಕೆ ಇತರರಿಗೆ ಈ ಐದು ಕಾರಣಗಳಾದರೂ ಇದ್ದವು. ನಮಗೆ ಅವೂ ಇಲ್ಲ. ಇದ್ದೂ ನಮ್ಮ ಅಡಿಗೆಮನೆಗಳು ನೆರೆಯವರ ಅಡಿಗೆಮನೆಗಳಿಗಿಂತ ಬೆಳಕಿನಿಂದ ಕೂಡಿದ್ದವೆಂದು ಹೇಳಲು ಬಾರದು.

ಕೆಂಭಾವಿಯ ಭೋಗಣ್ಣನ ಕಥೆಯು ವಾಚಕರಿಗೆ ತಿಳಿದುದೇ. ಅಂತ್ಯಜನ ವೇಷದಿಂದ ಬಂದ ಜಂಗಮನನ್ನು ಆತನು ಮನೆಯೊಳಕ್ಕೆ ಕರೆದು ಉಣಿಸಿದನು. ಊರಿನ ವಿಪ್ರರು ಕೆರಳಿ ಆತನನ್ನು ಊರಿನಿಂದ ಹೊರಡಿಸಿದರು. ಆಗ ಆ ಊರಿನ ಲಿಂಗಗಳೆಲ್ಲ ಆತನನ್ನು ಹಿಂಬಾಲಿಸಿ ಹೊರಟವೆಂದು ಬಸವಪುರಾಣವು ಹೇಳುತ್ತದೆ. ಯಾರ ದೃಷ್ಟಿಯಿಂದ ಪದಾರ್ಥವು ಕೆಟ್ಟಿತೆಂದು ಊರವರು ಹೆದರಿದರೋ, ಆತನಿಗೆ ಬಡಿಸಿದವನ ಬೆನ್ನಿಗೇ ಲಿಂಗವು ನಡೆಯಿತು. ಈ ಕಥೆಯನ್ನು ಪುರಾಣಪ್ರವಚನದಲ್ಲಿ ಕೇಳಿ ತಲೆದೂಗಿದವರು ಮನೆಗೆ ಬಂದು ಅಡಿಗೆಮನೆಯ ಬಾಗಿಲನ್ನು ಮುಂದುಮಾಡಿಕೊಂಡರೆ ಕೇಳಿದುದು ವ್ಯರ್ಥ. ಈ ಕಾಲದಲ್ಲಿಯೂ ಉದಾಹರಣೆಯಿಲ್ಲದಿಲ್ಲ. ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ (1907–2019) ಆಶ್ರಯದಲ್ಲಿ ಎಲ್ಲ ಜಾತಿಗಳ ಸಾವಿರಾರು ಮಕ್ಕಳು ದಿನನಿತ್ಯವೂ ಒಂದೇ ಸಾಲಿನಲ್ಲಿ ಉಂಡರು. ಅಲ್ಲಿ ಬೆಂದ ಅನ್ನವನ್ನು ಎಷ್ಟು ಕಣ್ಣುಗಳು ನೋಡಿರಬಹುದು! ಅದು ಪ್ರಸಾದವಲ್ಲವೆಂದು ಹೇಳುವ ಧೈರ್ಯ ಯಾವ ಭಕ್ತನಿಗಿದೆ?

ಹಾಗಾದರೆ ಪಾಕಶಾಲೆಯಲ್ಲಿ ಅಶುದ್ಧಿಯೆಂಬುದೇ ಇಲ್ಲವೆ? ಇದೆ, ಅದು ಕಣ್ಣಿನಿಂದ ಬರುವುದಿಲ್ಲ, ಚೀಲದಿಂದ ಬರುತ್ತದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಒಲೆಯ ಹತ್ತಿರಕ್ಕೂ ಬರಗೊಡದೆ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಕಳುಹಿಸಿದಳು. ಆ ತಾಯಿಯ ಗುಡಿಸಿಲಿನಲ್ಲಿ ಅಡಿಗೆಮನೆಗೆ ಪ್ರತ್ಯೇಕವಾದ ಗೋಡೆಯಿತ್ತೋ ಇಲ್ಲವೋ ಯಾವ ಗ್ರಂಥವೂ ಹೇಳುವುದಿಲ್ಲ, ಹೇಳುವ ಪ್ರಮೇಯವೂ ಬರಲಿಲ್ಲ. ಅವಳು ನೋಡಿದುದು ಧಾನ್ಯವು ಎಲ್ಲಿಂದ ಬಂದಿತೆಂಬುದನ್ನು, ಅದರ ಹಿಂದೆ ಆಸೆಯಿತ್ತೆ ಕಾಯಕವಿತ್ತೆ ಎಂಬುದನ್ನು. ನಮ್ಮ ತೋಟದ ಅಡಿಕೆಯನ್ನು ಸುಲಿದ ಹೆಣ್ಣಾಳಿಗೆ ಕೂಲಿ ಬಾಕಿಯಿಟ್ಟು, ಆ ಹಣದಲ್ಲಿ ಹೊಳೆಯುವ ಕಪ್ಪು ಕಲ್ಲಿನ ಕಟ್ಟೆಯನ್ನು ಕೂರಿಸಿದರೆ, ಅದರ ಮೇಲೆ ಬೇಯಿಸಿದ ಅನ್ನಕ್ಕೆ ದಾರಿಹೋಕನ ದೃಷ್ಟಿಯು ಮಾಡಬಹುದಾದ ಹಾನಿ ಇನ್ನೇನು ಉಳಿದಿದೆ? ಅಂತಹ ಮನೆಗೆ ಗೋಡೆಯಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈಗ ಬೆಳಕಿನ ಮಾತಿಗೆ ಬರೋಣ. ಇಲ್ಲಿ ಸ್ವಲ್ಪ ನಿಂತು ನೋಡುವುದು ಅವಶ್ಯ.

ಅಮರಕೋಶದಲ್ಲಿ ಅಡಿಗೆಮನೆಗೆ ರಸವತೀ, ಪಾಕಸ್ಥಾನ, ಮಹಾನಸ ಎಂದು ಮೂರು ಹೆಸರುಗಳಿವೆ. ತರ್ಕಶಾಸ್ತ್ರವನ್ನು ಓದಿದವರಿಗೆ ಮೂರನೆಯ ಹೆಸರು ಚೆನ್ನಾಗಿ ಪರಿಚಿತ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಹಿಡಿದ ವಿದ್ಯಾರ್ಥಿಗೆ ಮೊದಲು ಕಲಿಸುವ ಅನುಮಾನವೇ ಬೆಟ್ಟದ ಮೇಲಣ ಹೊಗೆಯಿಂದ ಬೆಂಕಿಯನ್ನು ಊಹಿಸುವುದು. ಹೊಗೆಯಿದ್ದಲ್ಲಿ ಬೆಂಕಿಯಿರುವುದೆಂಬುದಕ್ಕೆ ಕೊಡುವ ದೃಷ್ಟಾಂತ ಮಹಾನಸ. ತಲೆಮಾರು ತಲೆಮಾರುಗಳ ಪಂಡಿತರು ಅಡಿಗೆಮನೆಯ ಹೊಗೆಯನ್ನು ಸಿದ್ಧವಾದ ದೃಷ್ಟಾಂತವೆಂದು ಹಿಡಿದು ವ್ಯಾಪ್ತಿಯನ್ನು ಸಾಧಿಸಿದರು, ಪಕ್ಷ ಸಪಕ್ಷಗಳನ್ನು ವಿಭಾಗಿಸಿದರು, ಹೇತ್ವಾಭಾಸಗಳನ್ನು ಎಣಿಸಿದರು. ಆ ಹೊಗೆ ಯಾರ ಕಣ್ಣನ್ನು ಸೇರುತ್ತಿದೆಯೆಂದು ಕೇಳುವುದು ಅವರ ಶಾಸ್ತ್ರದ ವಿಷಯವಾಗಿರಲಿಲ್ಲ. ನಾನೂ ಆ ಗ್ರಂಥವನ್ನು ಎಷ್ಟೋ ವರ್ಷ ಪಾಠ ಹೇಳಿದವನು. ಅದರ ಸೂಕ್ಷ್ಮತೆಯಲ್ಲಿ ನನಗೆ ಗೌರವವುಂಟು. ಆದರೂ ದೃಷ್ಟಾಂತದೊಳಗೆ ಒಬ್ಬಳು ಕುಳಿತು ಊದುಗೊಳವೆಯಿಂದ ಊದುತ್ತಿದ್ದಳೆಂಬುದು ನಿಜವಲ್ಲವೆ?

ಈ ಸೀಮೆಯ ಹಳೆಯ ಮನೆಗಳನ್ನು ನೆನೆಯಿರಿ. ಜಗಲಿಗೆ ಗಾಳಿಬೆಳಕು ಧಾರಾಳ. ಪಡಸಾಲೆಗೆ ಅದಕ್ಕಿಂತ ಕಡಮೆ. ನಡುಮನೆಯಲ್ಲಿ ಹಗಲಿನಲ್ಲಿಯೂ ಮಬ್ಬು. ಎಲ್ಲಕ್ಕಿಂತ ಒಳಗೆ, ಅಂಗೈಯಗಲದ ಗವಾಕ್ಷಿಯೊಂದನ್ನು ನಂಬಿಕೊಂಡು ಅಡಿಗೆಮನೆ. ಮನೆಯಲ್ಲಿ ಅತಿ ಹೆಚ್ಚು ಕೆಲಸ ನಡೆಯುವ ಸ್ಥಳಕ್ಕೆ ಅತಿ ಕಡಮೆ ಬೆಳಕು, ಮಾತಾಡುತ್ತ ಕೂರುವ ಸ್ಥಳಕ್ಕೆ ಅತಿ ಹೆಚ್ಚು! ಹೊಗೆಗೂ ಉಪಯೋಗವಿತ್ತು, ಅದನ್ನು ಹೇಳದಿರಬಾರದು: ಅಟ್ಟದ ಮರಕ್ಕೆ ಹುಳು ಹಿಡಿಯುತ್ತಿರಲಿಲ್ಲ, ಮಳೆಗಾಲಕ್ಕೆಂದು ಕೂಡಿಟ್ಟುದು ಬೂಸಲು ಬರುತ್ತಿರಲಿಲ್ಲ. ಆದರೆ ತೊಲೆಗೆ ಹಿತವಾದುದು ಶ್ವಾಸಕೋಶಕ್ಕೆ ಹಿತವಲ್ಲ. ಮನೆಯೊಳಗಿನ ಹೊಗೆಯ ದೆಸೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಮೃತರಾದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ನಮ್ಮ ನಾಡಿನಲ್ಲಿ ಈ ಹೊಗೆಯನ್ನು ಕುರಿತು ಮೊದಲಿಗೆ ಗಂಭೀರವಾಗಿ ಯೋಚಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸ್ಮರಣೀಯರು. ಅಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಅಂಗವು, ಮೂರು ಪಾತ್ರೆಗಳನ್ನಿಡಬಹುದಾದ, ಹೊಗೆಕೊಳವೆಯುಳ್ಳ ಒಲೆಯನ್ನು ರೂಪಿಸಿತು. ಅಸ್ತ್ರ ಒಲೆಯೆಂಬ ಹೆಸರಿನಿಂದ ಅದು 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಿಗೆ ಬಂದಿತು. ಬಳಿಕ ಅನಿಲದ ಒಲೆ ವ್ಯಾಪಿಸಿತು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಸಿಲಿಂಡರು ಬಂದಿತು. ಹೊಗೆಯಿಲ್ಲದ ಬೆಂಕಿಗೆ ತಾರ್ಕಿಕರು ಕೊಡುತ್ತಿದ್ದ ಉದಾಹರಣೆ ಕಾದ ಕಬ್ಬಿಣದ ಗುಂಡು. 1923ರಲ್ಲಿ ಕೆಲಸ ತೊಡಗಿದ ಕಬ್ಬಿಣದ ಕಾರ್ಖಾನೆಯುಳ್ಳ ಭದ್ರಾವತಿಯ ನೆರೆಯವರಿಗೆ ಕಾದ ಕಬ್ಬಿಣವನ್ನು ವರ್ಣಿಸಬೇಕಾದುದಿಲ್ಲ. ಈಗ ಮಹಾನಸವೇ ಆ ಪಕ್ಷಕ್ಕೆ ಸೇರಿಬಿಟ್ಟಿದೆ. ತರ್ಕದ ಅಧ್ಯಾಪಕನು ಬೇರೆ ದೃಷ್ಟಾಂತವನ್ನು ಹುಡುಕಿಕೊಳ್ಳಲಿ, ಅದರಿಂದ ಯಾರಿಗೂ ನಷ್ಟವಿಲ್ಲ.

ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಶರಣರು ಹೇಳಿದರು. ಕೊಟ್ಟಣದ ಸೋಮಮ್ಮ ಬತ್ತ ಕುಟ್ಟುವವಳು, ಕದಿರೆ ರೆಮ್ಮವ್ವೆ ನೂಲುವವಳು. ಇಬ್ಬರ ವಚನಗಳೂ ನಮಗೆ ಉಳಿದಿವೆ. ಕುಟ್ಟುವುದು ಕಾಯಕವಾದರೆ ಕುಟ್ಟಿದುದನ್ನು ಬೇಯಿಸುವುದೂ ಕಾಯಕವೇ. ನೇಯುವವನಿಗೆ ಮಗ್ಗದ ಮೇಲೆ ಬೆಳಕು ಬೇಕೆಂದು ಯಾರೂ ವಾದಿಸಬೇಕಾದುದಿಲ್ಲ. ಅಕ್ಕಿಯಲ್ಲಿ ಕಲ್ಲು ಹುಡುಕುವವಳಿಗೆ ಬೆಳಕು ಬೇಕೆಂಬುದಕ್ಕೆ ಮಾತ್ರ ಇಷ್ಟು ಕಾಲ ಹಿಡಿಯಿತು. ಆದುದರಿಂದ ಅಡಿಗೆಮನೆಗೆ ಕಿಟಕಿಯಿಡಿಸುವುದನ್ನು ಭೋಗವೆನ್ನುವವರ ಮಾತನ್ನು ನಾನು ಒಪ್ಪಲಾರೆ. ಅದು ಕಾಯಕಕ್ಕೆ ಸಲ್ಲಬೇಕಾದ ಬಾಕಿ.

ಆದರೆ ಬಾಕಿಯನ್ನು ತೀರಿಸುವಾಗ ಯಾರಿಗೆ ತೀರಿಸುತ್ತಿದ್ದೇವೆಂಬುದನ್ನು ನೋಡಬೇಕು. ಯುರೋಪಿನಲ್ಲಿ ಆಧುನಿಕ ಅಡಿಗೆಮನೆಯ ಮೂಲಮಾದರಿಯೆಂದು ಹೇಳುವುದು 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕರ ಮನೆಗಳಿಗಾಗಿ ಮಾರ್ಗರೇಟೆ ಶ್ಯುಟ್ಟೆ-ಲಿಹೋಟ್ಸ್ಕಿ ಎಂಬ ಮಹಿಳೆ ರಚಿಸಿದುದನ್ನು. ಕೈಚಾಚಿದರೆ ಎಲ್ಲವೂ ಸಿಗುವಂತೆ, ಒಂದು ಹೆಜ್ಜೆಯೂ ವ್ಯರ್ಥವಾಗದಂತೆ, ಅಳೆದು ಮಾಡಿದ ಕಿರುಕೋಣೆಯದು. ಅಂತಹವು ಸುಮಾರು 10,000 ಮನೆಗಳಲ್ಲಿ ನಿರ್ಮಿತವಾದುವು. ಆದರೆ ಅದರಲ್ಲಿ ಒಬ್ಬಳಿಗೆ ಮಾತ್ರ ಸ್ಥಳ. ಅಲ್ಲಿ ನಿಂತವಳು ಮನೆಯ ಉಳಿದವರಿಂದ ಬೇರೆಯಾಗಿ ಒಂಟಿಯಾದಳೆಂದು ಮುಂದಿನವರು ಆಕ್ಷೇಪಿಸಿದರು. ತಾನು ಅದನ್ನು ರಚಿಸುವುದಕ್ಕೆ ಮೊದಲು ಎಂದೂ ಅಡಿಗೆ ಮಾಡಿದವಳಲ್ಲವೆಂದು ಆ ಶಿಲ್ಪಿಯೇ ಮುಂದೆ ಹೇಳಿಕೊಂಡಳು. ನಮ್ಮಲ್ಲಿಯೂ ನಡೆಯುವುದು ಬಹುಮಟ್ಟಿಗೆ ಇದೇ. ಕಲ್ಲಿನ ಬಣ್ಣವನ್ನು ಗಂಡನು ಆರಿಸುವನು, ಕಟ್ಟೆಯ ಎತ್ತರವನ್ನು ಮೇಸ್ತ್ರಿಯು ತನ್ನ ರೂಢಿಯಂತೆ ನಿಶ್ಚಯಿಸುವನು, ಮುಂದಿನ ಮೂವತ್ತು ವರ್ಷ ಭುಜವನ್ನು ಎತ್ತಿಕೊಂಡೋ ಬೆನ್ನನ್ನು ಬಗ್ಗಿಸಿಕೊಂಡೋ ಅಲ್ಲಿ ನಿಲ್ಲುವವಳನ್ನು ಕೇಳುವವರಿಲ್ಲ. ಅವಳು ನೆಟ್ಟಗೆ ನಿಂತಾಗ ಮೊಣಕೈಯಿಂದ ನಾಲ್ಕಾರು ಅಂಗುಲ ಕೆಳಗೆ ಕಟ್ಟೆ ಬರುವಂತಿದ್ದರೆ ಸಾಕು. ಇದಕ್ಕೆ ವಾಸ್ತುಶಾಸ್ತ್ರವೂ ಬೇಡ, ಜರ್ಮನಿಯೂ ಬೇಡ. ಮಂಡಿನೋವಿನ ಅತ್ತೆಯಿದ್ದರೆ ಆಕೆ ಕುಳಿತು ಸೊಪ್ಪು ಸೋಸುವುದಕ್ಕೆ ಕಿಟಕಿಯ ಬಳಿಯಲ್ಲಿ ಒಂದು ತಗ್ಗಾದ ಪೀಠವಿರಲಿ. ಬೇಡವೆಂದು ಹಟ ಹಿಡಿದವರು ಆ ಪೀಠದಿಂದಲೇ ಒಲಿದುದನ್ನು ನಾನು ಕಂಡಿದ್ದೇನೆ.

ಇನ್ನೊಂದು ವಿಚಿತ್ರವೂ ಈಗ ಅನುಕೂಲಸ್ಥರಲ್ಲಿ ತೋರುತ್ತಿದೆ. ಮುಂದುಗಡೆ ಎಲ್ಲರಿಗೂ ಕಾಣುವಂತೆ ಒಂದು ತೆರೆದ ಅಡಿಗೆಮನೆ; ಅಲ್ಲಿ ಕಾಫಿ ಕಾಯಿಸುವುದಕ್ಕಿಂತ ಹೆಚ್ಚಿನದು ನಡೆಯದು. ಅದರ ಹಿಂದೆ ಕಿರಿದಾದ ಮತ್ತೊಂದು ಕೋಣೆ. ಅಲ್ಲಿಯೇ ಒಗ್ಗರಣೆ, ಅಲ್ಲಿಯೇ ಮುಸುರೆ, ಅಲ್ಲಿಯೇ ಕೆಲಸದ ಹೆಂಗಸು. ಬೆಳಕೆಲ್ಲ ಮೊದಲನೆಯದಕ್ಕೆ. ಹಳೆಯ ಮನೆಯ ಕತ್ತಲೆಯು ಇಲ್ಲಿ ಹೋಗಲಿಲ್ಲ, ನಾಲ್ಕು ಮಾರು ಹಿಂದಕ್ಕೆ ಸರಿಯಿತು. ಅತ್ತೆಸೊಸೆಯರ ಪಾಲಿಗಿದ್ದುದು ಕೂಲಿಯವಳ ಪಾಲಿಗೆ ವರ್ಗವಾಯಿತು, ಅಷ್ಟೆ. ಇದನ್ನು ಆಡಂಬರವೆಂದು ಹಿರಿಯರು ಜರೆದರೆ ಅವರ ಪಕ್ಷದಲ್ಲಿ ನಾನೂ ಇದ್ದೇನೆ.

ಗೋಡೆ ಹೋದಾಗ ಹೊಸದಾಗಿ ಕಣ್ಣಿಗೆ ಬೀಳುವ ವಸ್ತುಗಳನ್ನು ಕುರಿತೂ ಹೇಳಬೇಕು. ಎಷ್ಟೋ ಮನೆಗಳಲ್ಲಿ ಹಿತ್ತಿಲ ಬಾಗಿಲಿನ ಮೂಲೆಯಲ್ಲಿ ಒಂದು ಲೋಟ, ಒಂದು ತಟ್ಟೆ ಬೇರೆಯಾಗಿರುವುದುಂಟು. ತೋಟದ ಆಳು ಬಂದಾಗ ಅದನ್ನು ತೊಳೆದು ಕೊಡುವರು. ಅವನೇ ತೊಳೆದಿಟ್ಟು ಹೋಗುವನು. ಗೋಡೆಯಿದ್ದಾಗ ಅದು ಅತಿಥಿಗಳಿಗೆ ಕಾಣುತ್ತಿರಲಿಲ್ಲ. ಬಸವಜಯಂತಿಯಂದು ವೇದಿಕೆಯ ಮೇಲೆ ಮಾತಾಡಿ ಬಂದ ಯಜಮಾನನಿಗೂ ಕಾಣುತ್ತಿರಲಿಲ್ಲ. ತೆರೆದ ಅಡಿಗೆಮನೆಯಲ್ಲಿ ಆ ಲೋಟವನ್ನು ಎಲ್ಲಿಡುವುದು? ಒಂದು ಮನೆಯಲ್ಲಿ ಹೊಸ ಕಪಾಟಿನ ನಕ್ಷೆಯನ್ನು ತೋರಿಸುತ್ತಿದ್ದಾಗ ಈ ಪ್ರಶ್ನೆಯನ್ನು ಕೇಳಿದವಳು ಕಾಲೇಜಿನಲ್ಲಿ ಓದುತ್ತಿದ್ದ ಮನೆಮಗಳು. ಯಾರೂ ಉತ್ತರ ಹೇಳಲಿಲ್ಲ. ಕೊನೆಗೆ ಆ ಮನೆಯ ಅಜ್ಜಿಯೇ ಎದ್ದು ಆ ಲೋಟವನ್ನು ತಂದು ಉಳಿದ ಲೋಟಗಳ ನಡುವೆ ಮಗುಚಿಹಾಕಿ ಕುಳಿತರೆಂದು ಕೇಳಿದ್ದೇನೆ. ದೃಷ್ಟಿಯ ಮಾತೆತ್ತಿ ಗೋಡೆ ಬೇಡವೆಂದವರಲ್ಲಿ ಮೊದಲಿಗರು ಆ ಅಜ್ಜಿಯೇ ಆಗಿದ್ದರು.

ಗಂಡಸರ ವಿಷಯವೂ ಹೀಗೆಯೇ. ಗೋಡೆಯ ಆಚೆ ಏನು ನಡೆಯುತ್ತಿದೆಯೆಂದು ತಿಳಿಯಲಿಲ್ಲವೆಂಬ ನೆವವು ಇನ್ನು ಸಲ್ಲದು. ಎದುರಿಗೇ ಒಬ್ಬಳು ಎರಡು ಒಲೆಗಳ ನಡುವೆ ಓಡಾಡುತ್ತಿರುವಾಗ ವೃತ್ತಪತ್ರಿಕೆಯನ್ನು ಹಿಡಿದು ಕೂರುವುದಕ್ಕೆ ಸ್ವಲ್ಪ ಗಟ್ಟಿ ಮನಸ್ಸು ಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ಗೋಡೆಯಿಂದ ಯಾವ ಉಪಕಾರವೂ ಇರಲಿಲ್ಲವೆಂದು ನನ್ನ ಅಭಿಪ್ರಾಯವಲ್ಲ. ಒಂದು ನಿಜವಾದ ನಷ್ಟವುಂಟು. ಅದು ಏಕಾಂತದ ನಷ್ಟ. ಇಷ್ಟಲಿಂಗಕ್ಕೆ ಕರಸ್ಥಲವೇ ಪೀಠವಾದುದರಿಂದ ದೇವರಕೋಣೆ ಹೋಯಿತೆಂದು ನಾವು ಅಷ್ಟಾಗಿ ದುಃಖಿಸಬೇಕಾಗಿಲ್ಲ. ಆದರೆ ಷಟ್‌ಸ್ಥಲದ ಆರು ಭಕ್ತಿಗಳಲ್ಲಿ ಪ್ರಸಾದಿಗೆ ಹೇಳಿದುದು ಅವಧಾನಭಕ್ತಿ. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ. ಕೈಗೆ ಬಂದ ಪದಾರ್ಥದ ರೂಪವನ್ನೂ ರುಚಿಯನ್ನೂ ಎಚ್ಚರದಿಂದ ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಬೇಕೆಂಬುದು ಇದರ ತಾತ್ಪರ್ಯ. ಅಡಿಗೆ, ಊಟ, ದೂರದರ್ಶನ, ಅತಿಥಿ, ಮಕ್ಕಳ ಪಾಠ ಎಲ್ಲವೂ ಒಂದೇ ಬಯಲಿನಲ್ಲಿ ಬೆರೆತಾಗ ಮೊದಲು ಕೆಡುವುದು ಈ ಅವಧಾನ. ಕಣ್ಣು ತೆರೆಯ ಮೇಲೆ, ಕೈ ತಟ್ಟೆಯಲ್ಲಿ. ಉಂಡುದೇನೆಂದು ಉಂಡವನಿಗೆ ತಿಳಿಯದು. ಅದು ಪದಾರ್ಥವಾಗಿಯೂ ಉಳಿಯಲಿಲ್ಲ, ಪ್ರಸಾದವೂ ಆಗಲಿಲ್ಲ. ಹಿರಿಯರು ಇಳಿಬಿಡುತ್ತಿದ್ದ ತೆರೆಯು ಹೊರಗಿನವರ ದೃಷ್ಟಿಯನ್ನು ತಡೆಯುವುದಕ್ಕಿಂತ ಒಳಗಿನವರ ದೃಷ್ಟಿಯು ಹೊರಗೆ ಅಲೆಯದಂತೆ ತಡೆಯುತ್ತಿತ್ತೋ ಏನೋ ಎಂದು ನನಗೆ ಎಷ್ಟೋ ಸಲ ತೋರಿದೆ. ಗೋಡೆಯನ್ನು ಒಡೆಯುವವರು ದೂರದರ್ಶನವನ್ನು ಊಟದ ಮೇಜಿಗೆ ಎದುರಾಗಿಡದಿರಲಿ. ಪೂಜೆಗೆ, ಸದ್ದು ಮುಟ್ಟದಂತೆ, ಮನೆಯ ಇನ್ನೊಂದು ತುದಿಯಲ್ಲಿ ಒಂದು ಆಸನದಷ್ಟು ಸ್ಥಳವನ್ನು ಬಿಡಲಿ.

ಲೌಕಿಕವಾದ ಎರಡು ಎಚ್ಚರಿಕೆಗಳನ್ನು ಹೇಳುವುದು ಅಪ್ರಸ್ತುತವಾಗದು. ಮಣ್ಣಿನ ಗೋಡೆಯ ಹಳೆಯ ಮನೆಗಳಲ್ಲಿ ನಡುಮನೆಗೂ ಅಡಿಗೆಮನೆಗೂ ನಡುವಣ ಗೋಡೆಯೇ ಅನೇಕ ವೇಳೆ ತೊಲೆಯ ಭಾರವನ್ನು ಹೊತ್ತಿರುತ್ತದೆ. ಬಲ್ಲ ಇಂಜಿನಿಯರಿಗೆ ತೋರಿಸಿ, ಉಕ್ಕಿನ ತೊಲೆಯ ಆಧಾರವನ್ನು ಕೊಟ್ಟ ಬಳಿಕ ಮಾತ್ರ ಅದನ್ನು ಮುಟ್ಟತಕ್ಕದ್ದು. ಮತ್ತೊಂದು, ಸಿಲಿಂಡರಿನ ಅನಿಲವು ಗಾಳಿಗಿಂತ ಭಾರವಾದುದು. ಸೋರಿದರೆ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಮೇಲೆ ಎಷ್ಟು ದೊಡ್ಡ ಕಿಟಕಿಯಿದ್ದರೂ ನೆಲಕ್ಕೆ ಹತ್ತಿರದಲ್ಲಿ ಹೊರಕ್ಕೆ ಹೋಗುವ ಕಿಂಡಿಯೊಂದು ಇರಲೇಬೇಕು. ಒಗ್ಗರಣೆಯ ಮೆಣಸಿನಕಾಯಿಯ ಘಾಟು ನಡುಮನೆಯವರೆಗೂ ಬರುವುದೆಂದು ಗೊಣಗುವವರಿಗೆ ಉತ್ತರ ಹೇಳಬೇಕಾದುದಿಲ್ಲ. ಇಷ್ಟು ಕಾಲ ಅದನ್ನು ಒಬ್ಬಳೇ ಕುಡಿಯುತ್ತಿದ್ದಳು.

ಕೆಲಸವನ್ನು ಎಂದು ತೊಡಗಬೇಕೆಂದು ಕೇಳಿ ಪಂಚಾಂಗವನ್ನು ಹಿಡಿದು ಬರುವವರುಂಟು. ಶರಣರು ತಿಥಿವಾರಗಳನ್ನು ನೋಡಿದವರಲ್ಲ. ಆದರೆ ಮಳೆಗಾಲದಲ್ಲಿ ಮಣ್ಣಿನ ಗೋಡೆಯು ತೇವದಿಂದ ಸಡಿಲವಾಗಿರುವುದರಿಂದ, ದೀಪಾವಳಿ ಕಳೆದು ಗೋಡೆ ಒಣಗಿದ ಮೇಲೆ ಕೈಹಚ್ಚುವುದು ಮೇಲು. ಅದಕ್ಕಿಂತ ಮೊದಲು ಮಾಡಬೇಕಾದ ಒಂದು ಕೆಲಸವಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಳೆಯದನ್ನು ಒಡೆದು ಹೊಸದು ಸಿದ್ಧವಾಗುವವರೆಗೆ ಎರಡು ತಿಂಗಳಾದರೂ ಬೇಕು; ಆ ಎರಡು ತಿಂಗಳು ಮನೆಯ ಹೆಂಗಸು ಎಲ್ಲಿ ಬೇಯಿಸಬೇಕು? ಹಿತ್ತಿಲಿನಲ್ಲಿ ಮಾಡೊಂದನ್ನು ಇಳಿಸಿ, ನೀರಿನ ಕೊಳಾಯಿಯನ್ನೂ ವಿದ್ಯುದ್ದೀಪವನ್ನೂ ಅಲ್ಲಿಗೆ ತಂದುಕೊಟ್ಟು, ಆ ಬಳಿಕ ಮೇಸ್ತ್ರಿಗೆ ಹೇಳಿ ಕಳುಹಿಸಿರಿ.